ಸುಮೇರಿಯನ್ ದೊರೆಗಳ ಹೆಸರು ಹಾಕುವ ಮುನ್ನ

ಸದಸ್ಯರ ಗಮನಕ್ಕೆ: ಒಬ್ಬನೇ ದೊರೆ ಮೂರು ಹೆಸರಲ್ಲಿ ಬಂದು ಚರ್ಚೆ ಗೋಜಲಾಗುತ್ತಿದೆ. ಸುಮೇರಿನ (ಇಂದಿನ ದಕ್ಷಿಣ ಇರಾಕ್) ಲಗಾಶ್ ನಗರದ ಉರುಕಗಿನ, ಉರುಇನಿಮ್‌ಗಿನ, ಇರಿಕಗಿನ ಎಲ್ಲ ಒಬ್ಬನೇ. ಒಂದೇ ಕ್ಯೂನಿಫಾರ್ಮ್ (ಮಣ್ಣಿನ ಫಲಕದ ಮೇಲೆ ಒತ್ತಿ ಬರೆಯುವ ಬೆಣೆಯಾಕಾರದ ಲಿಪಿ) ಚಿಹ್ನೆಯನ್ನು 'ಕ' (ಬಾಯಿ) ಎಂದೂ 'ಇನಿಮ್' (ಮಾತು) ಎಂದೂ ಓದಬಹುದು, ಗೊಂದಲದ ಒಂದು ಮೂಲ ಅದು. ಉರ್ ನಗರದ ದೊರೆ ಉರ್-ನಮ್ಮು, ಉರ್-ನಮ್ಮ ಕೂಡ ಒಬ್ಬನೇ. ಆದರೆ ಉರ್-ನಾನ್ಶೆ ಬೇರೆ, ಉರ್-ನಮ್ಮುವಿಗಿಂತ ಸುಮಾರು 400 ವರ್ಷ ಹಿಂದಿನ ಲಗಾಶ್ ದೊರೆ.

ಆ ಕಾಲದ ಇಸವಿಗಳನ್ನು ವಿದ್ವಾಂಸರು ಬೇರೆ ಬೇರೆ ರೀತಿಯಲ್ಲಿ ಲೆಕ್ಕ ಹಾಕುತ್ತಾರೆ, ಹಾಗಾಗಿ ಇಸವಿ ಹಾಕುವಾಗ ಯಾವ ಕಾಲಗಣನೆ ಎಂದು ಬರೆಯಿರಿ. ಉರ್-ನಮ್ಮು ಪಟ್ಟಕ್ಕೆ ಬಂದದ್ದು ಮಧ್ಯಮ ಗಣನೆಯಲ್ಲಿ ಕ್ರಿ.ಪೂ. 2112, ಹ್ರಸ್ವ ಗಣನೆಯಲ್ಲಿ 64 ವರ್ಷ ಈಚೆಗೆ.

ಲಗಾಶ್‌ನ ಇನ್ನೊಬ್ಬ ದೊರೆ ಗುಡಿಯಾನನ್ನು ಸುಮೇರಿಯನ್ 'ರಾಜರ ಪಟ್ಟಿ'ಯಲ್ಲಿ (ದೊರೆಗಳನ್ನು ಸಾಲಾಗಿ ಹೆಸರಿಸುವ ಪ್ರಾಚೀನ ಬರಹ) ಹುಡುಕಿ ಸುಸ್ತಾಗಬೇಡಿ. ಥಾರ್ಕಿಲ್ಡ್ ಜೇಕಬ್‌ಸನ್ 1939ರಲ್ಲಿ ಸಂಪಾದಿಸಿದ ಆ ಪಟ್ಟಿಯಲ್ಲಿ ಲಗಾಶ್‌ನ ದೊರೆಗಳೇ ಇಲ್ಲ. ಗುಡಿಯಾನಿಗೆ ಅವನ ಪ್ರತಿಮೆಗಳ ಮೇಲಿನ ಬರಹ ಮುಖ್ಯ ಆಧಾರ.

ಇಸ್ತಾಂಬುಲ್ ವಸ್ತುಸಂಗ್ರಹಾಲಯದಲ್ಲಿರುವ, ಪ್ರಾಚೀನ ಕಾನೂನು ಬರೆದ ಮಣ್ಣಿನ ಫಲಕವನ್ನು ಸುಮೇರ್ ವಿದ್ವಾಂಸ ಸ್ಯಾಮ್ಯುಯೆಲ್ ನೋವಾ ಕ್ರೇಮರ್ ಗುರುತಿಸಿ ಉರ್-ನಮ್ಮುವಿನದೆಂದರು. ಮಗ ಶುಲ್ಗಿಯದು ಎನ್ನುವ ವಾದವೂ ಇದೆ, ಎರಡನ್ನೂ ಹೇಳಿ.

ಫಲಕದ ಚಿತ್ರ ಹಾಕಿದರೆ ಸಿಡಿಎಲ್‌ಐ (ಕ್ಯೂನಿಫಾರ್ಮ್ ಬರಹಗಳ ಆನ್‌ಲೈನ್ ಸಂಗ್ರಹ) ಕೊಡುವ 'ಪಿ' ಸಂಖ್ಯೆ (ಆರು ಅಂಕಿ) ಕಡ್ಡಾಯ. ಇಲ್ಲದಿದ್ದರೆ ಪರಿಶೀಲಿಸಲು ದಾರಿಯಿಲ್ಲ, ಅಳಿಸುತ್ತೇವೆ.