ಸಹಿ ಹಾಕುವ ಮುನ್ನ: ಹಣಕಾಸು ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಹಣಕಾಸು ಸಚಿವರಿಗೆ ನಮಸ್ಕಾರಗಳು.

ಎಲ್ಲ ಇಲಾಖೆಗಳ ಅನುದಾನವನ್ನು ಒಂದೇ ಪ್ರಮಾಣದಲ್ಲಿ ಕಡಿತಗೊಳಿಸಿ, ತೆರವಾದ ಹುದ್ದೆಗಳ ಭರ್ತಿಯನ್ನು ತಡೆಹಿಡಿಯುವ ಪ್ರಸ್ತಾವಕ್ಕೆ ಸಹಿ ಹಾಕುವ ಮುನ್ನ ತಾವು ಈ ಪತ್ರವನ್ನು ಓದಬೇಕೆಂದು ವಿನಂತಿಸುತ್ತೇನೆ. ಬೊಕ್ಕಸದ ಮೇಲಿನ ಒತ್ತಡ ನಿಜವಾದದ್ದೆಂಬುದನ್ನು ನಾನು ಒಪ್ಪುತ್ತೇನೆ. ಆ ಕಡಿತ ಕೊನೆಗೆ ಹೋಗಿ ಯಾರಿಗೆ ತಾಗುತ್ತದೆ ಎಂಬುದೇ ನನ್ನ ಆತಂಕ.

ಅನುದಾನ ಇಳಿದ ವರ್ಷ ಇಲಾಖೆಯು ಪಿಂಚಣಿ, ಕಟ್ಟಡದ ಬಾಡಿಗೆ, ಕಾಯಂ ನೌಕರರ ಸಂಬಳ ಇವುಗಳನ್ನು ಸುಲಭವಾಗಿ ಮುಟ್ಟಲಾಗದು. ಕತ್ತರಿಸಲು ಉಳಿಯುವುದು ತಪಾಸಣೆಗೆ ಹೋಗುವ ವಾಹನದ ಇಂಧನ, ಪ್ರಯೋಗಾಲಯದ ಪರೀಕ್ಷೆ, ತರಬೇತಿ, ಉಪಕರಣಗಳ ದುರಸ್ತಿ ಮತ್ತು ನಿವೃತ್ತರಾದವರ ಜಾಗಕ್ಕೆ ಬರಬೇಕಾದ ಹೊಸಬರು. ಆದ್ದರಿಂದ ಆಯವ್ಯಯದ ಪುಟದಲ್ಲಿ ಶೇಕಡಾ 10 ಎಂದು ಕಾಣುವ ಕಡಿತ, ಜನರನ್ನು ನೇರವಾಗಿ ತಲುಪುವ ಕೆಲಸದಲ್ಲಿ ಅದಕ್ಕಿಂತ ಬಹಳ ದೊಡ್ಡದಾಗಿರುತ್ತದೆ.

ಕೆನಡಾದ ಒಂಟಾರಿಯೊ ಪ್ರಾಂತ್ಯದ ವಾಕರ್ಟನ್ ಎಂಬ ಸಣ್ಣ ಪಟ್ಟಣದಲ್ಲಿ 2000ದ ಮೇ ತಿಂಗಳಲ್ಲಿ ನಡೆದದ್ದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಭಾರಿ ಮಳೆಯ ನಂತರ ದನದ ಸಗಣಿಯ ರೋಗಾಣುಗಳು ಕುಡಿಯುವ ನೀರಿನ ಬಾವಿಯೊಂದನ್ನು ಸೇರಿ, 7 ಮಂದಿ ಸತ್ತು 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ನೀರು ಸರಬರಾಜು ನೋಡಿಕೊಳ್ಳುತ್ತಿದ್ದವರು ಕ್ಲೋರಿನ್ ಪ್ರಮಾಣವನ್ನು ಸುಳ್ಳಾಗಿ ದಾಖಲಿಸಿದ್ದರು. ಆ ತಪ್ಪು ಅವರದೇ. ಆದರೆ ನ್ಯಾಯಮೂರ್ತಿ ಡೆನ್ನಿಸ್ ಓ'ಕಾನರ್ ಅವರ ವಿಚಾರಣಾ ಆಯೋಗ ಅಲ್ಲಿಗೇ ನಿಲ್ಲಲಿಲ್ಲ. ಪ್ರಾಂತ್ಯ ಸರ್ಕಾರವು ವೆಚ್ಚ ಕಡಿತದ ಭಾಗವಾಗಿ 1996ರಲ್ಲಿ ಸ್ಥಳೀಯ ಸಂಸ್ಥೆಗಳಿಗಾಗಿ ನಡೆಸುತ್ತಿದ್ದ ಸರ್ಕಾರಿ ನೀರು ಪರೀಕ್ಷೆಯನ್ನು ನಿಲ್ಲಿಸಿತ್ತು. ಆ ಕೆಲಸ ಖಾಸಗಿ ಪ್ರಯೋಗಾಲಯಗಳಿಗೆ ಹೋಯಿತು. ಕೆಟ್ಟ ಫಲಿತಾಂಶ ಬಂದರೆ ಆರೋಗ್ಯಾಧಿಕಾರಿಗಳಿಗೆ ಕೂಡಲೇ ತಿಳಿಸಲೇಬೇಕೆಂಬ ನಿಯಮವನ್ನು ಮಾತ್ರ ಯಾರೂ ಮಾಡಲಿಲ್ಲ. ಪರಿಸರ ಸಚಿವಾಲಯದ ಅನುದಾನ ಕಡಿತದಿಂದಾಗಿ ವಾಕರ್ಟನ್ ನೀರು ಸರಬರಾಜಿನ ಲೋಪಗಳು ತಪಾಸಣೆಯಲ್ಲಿ ಪತ್ತೆಯಾಗುವ ಸಾಧ್ಯತೆಯೂ ಕುಗ್ಗಿತ್ತೆಂದು ಆಯೋಗದ 2002ರ ವರದಿ ಹೇಳಿತು. ಉಳಿಸಿದ ಹಣ ಒಂದು ವರ್ಷದ ಲೆಕ್ಕದಲ್ಲಿತ್ತು, ಸಾವುಗಳು ಇನ್ನೊಂದು ವರ್ಷದ ಲೆಕ್ಕಕ್ಕೆ ಹೋದವು.

ಮುಂಚೂಣಿಯಲ್ಲಿ ನಿಂತು ದುಡಿಯುವ ನೌಕರರಿಗೆ ಈ ಕಡಿತ ಬೇರೆಯದೇ ರೂಪದಲ್ಲಿ ಬರುತ್ತದೆ. ಪಕ್ಕದ ಖಾಲಿ ಹುದ್ದೆಯ ಹೆಚ್ಚುವರಿ ಪ್ರಭಾರ ಅವರ ಹೆಗಲೇರುತ್ತದೆ, ಆದರೆ ದಿನದ ಗಂಟೆಗಳು ಹೆಚ್ಚುವುದಿಲ್ಲ. ಇಬ್ಬರು ದಾದಿಯರು ನೋಡಬೇಕಾದ ವಾರ್ಡನ್ನು ರಾತ್ರಿಯಿಡೀ ಒಬ್ಬರೇ ನೋಡಿಕೊಳ್ಳುವಾಗ, ಯಾವ ರೋಗಿಯ ಬಳಿಗೆ ಮೊದಲು ಹೋಗಬೇಕು ಎಂಬ ತೀರ್ಮಾನವನ್ನು ಹಣಕಾಸು ಇಲಾಖೆ ಮಾಡುವುದಿಲ್ಲ, ಆ ದಾದಿ ಮಾಡಬೇಕಾಗುತ್ತದೆ. ತಡವಾದದ್ದಕ್ಕೆ ಬೈಗುಳವನ್ನು ಕೇಳಿಸಿಕೊಳ್ಳುವವರೂ ಅವರೇ. ಭೇಟಿ ನೀಡದ ಸ್ಥಳಗಳಿಗೂ ತಪಾಸಣಾ ವಹಿಯನ್ನು ಕಚೇರಿಯಲ್ಲೇ ಕುಳಿತು ತುಂಬುವ ಅಭ್ಯಾಸ ಹುಟ್ಟುವುದು ಇಂಥ ಒತ್ತಡದಲ್ಲಿಯೇ ಎಂದು ನಾನು ನಂಬಿದ್ದೇನೆ. ಅದನ್ನು ಕೇವಲ ಅಪ್ರಾಮಾಣಿಕತೆಯೆಂದು ತಳ್ಳಿಹಾಕಿ, ಗುರಿಯನ್ನು ಹಾಗೆಯೇ ಇಟ್ಟು ಜನಬಲವನ್ನು ಮಾತ್ರ ಇಳಿಸಿದ ಆದೇಶವನ್ನು ಪ್ರಶ್ನಿಸದಿರುವುದು ನ್ಯಾಯವಲ್ಲ.

ಒಮ್ಮೆ ಕಳೆದುಕೊಂಡದ್ದನ್ನು ಮುಂದೆ ಹಣ ಕೊಟ್ಟು ಮರಳಿ ಪಡೆಯಬಹುದೆಂಬ ವಾದವೂ ಅರ್ಧ ಸತ್ಯ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2010ರ ನಂತರದ ಮಿತವ್ಯಯದ ವರ್ಷಗಳಲ್ಲಿ ಪೊಲೀಸ್ ಅಧಿಕಾರಿಗಳ ಸಂಖ್ಯೆ ಸುಮಾರು 20,000ದಷ್ಟು ಇಳಿಯಿತು. ಆ ಕಡಿತದ ಮುಂದಾಳತ್ವ ವಹಿಸಿದ್ದ ಕನ್ಸರ್ವೇಟಿವ್ ಪಕ್ಷದ ಸರ್ಕಾರವೇ 2019ರಲ್ಲಿ ಮತ್ತೆ 20,000 ಮಂದಿಯ ನೇಮಕಾತಿಗೆ ಮುಂದಾಯಿತು. ಸಂಖ್ಯೆ ಹೀಗೆ ಮರಳಬಹುದು, ಹಿರಿಯರ ಅನುಭವ ನೇಮಕಾತಿಯಿಂದ ಬರುವುದಿಲ್ಲ.

ಮಾನ್ಯರೇ, ಕಡಿತ ಅನಿವಾರ್ಯವೇ ಆಗಿದ್ದಲ್ಲಿ, ಹಣ ಇಳಿದ ಮೇಲೆ ಯಾವ ಕೆಲಸ ನಿಲ್ಲುತ್ತದೆ, ಯಾವ ತಪಾಸಣೆಯ ಅಂತರ ಎಷ್ಟು ಹಿಗ್ಗುತ್ತದೆ ಎಂಬುದನ್ನು ಪ್ರತಿ ಇಲಾಖೆಯ ಮುಖ್ಯಸ್ಥರಿಂದಲೂ ಲಿಖಿತವಾಗಿ ಪಡೆದು ಸದನದ ಮುಂದಿಡಿ. ಆ ಹೇಳಿಕೆಯನ್ನು ಸಿದ್ಧಪಡಿಸುವಾಗ ಕ್ಷೇತ್ರದಲ್ಲಿರುವ ನೌಕರರ ಅಭಿಪ್ರಾಯವನ್ನು ದಾಖಲಿಸುವುದು ಕಡ್ಡಾಯವಾಗಲಿ, ಹಾಗೆ ಮಾತನಾಡಿದವರ ಮೇಲೆ ಶಿಸ್ತುಕ್ರಮ ಇರುವುದಿಲ್ಲವೆಂಬ ಭರವಸೆಯೂ ಆದೇಶದಲ್ಲಿರಲಿ. ನೀರು, ಆಹಾರ, ಅಗ್ನಿಶಾಮಕ ಮತ್ತು ತುರ್ತು ಚಿಕಿತ್ಸೆಯ ಹುದ್ದೆಗಳನ್ನು ನೇಮಕಾತಿ ತಡೆಯಿಂದ ಹೊರಗಿಡಿ. ಆಯವ್ಯಯಕ್ಕೆ ಸದನದ ಒಪ್ಪಿಗೆ ಕೇಳುವ ಮೊದಲೇ ಈ ವಿಷಯದಲ್ಲಿ ತಮ್ಮ ನಿಲುವನ್ನು ಸಾರ್ವಜನಿಕವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತೆರಿಗೆದಾರ