ಪಾಡ್ರೇಸ್ ಎಂದೇ ಬರೆಯುವುದೇಕೆ

ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಯಲ್ಲಿ ಹುಡುಗಿಯೊಬ್ಬಳು ಈ ಪತ್ರಿಕೆಯ ಕಳೆದ ಸಂಚಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಸದಸ್ಯರು ಕುಟುಂಬ ಸಮೇತ ಬೇಸ್‌ಬಾಲ್ ಪಂದ್ಯ ನೋಡಿಬಂದ ವರದಿ ಅದು. ಒಂದು ಪದದ ಮೇಲೆ ಬೆರಳಿಟ್ಟು ‘ಪ್ಯಾ... ಡ್ರೀ... ಸ್’ ಎಂದು ಅಕ್ಷರಕ್ಕೆ ಅಕ್ಷರ ಕೂಡಿಸಿದವಳು ತಲೆಯೆತ್ತಿ, ಇದು ಯಾವ ತಂಡ ಎಂದು ಕೇಳಿದಳು. ಅವಳು ತೊಟ್ಟಿದ್ದ ಕಂದು ಬಣ್ಣದ ಅಂಗಿಯ ಮೇಲೆ ಅದೇ ತಂಡದ ಹೆಸರು ಇಂಗ್ಲಿಷಿನಲ್ಲಿ ದೊಡ್ಡದಾಗಿ ಅಚ್ಚಾಗಿತ್ತು.

ಆ ಸಂಚಿಕೆಯ ಕರಡು ತಿದ್ದಿದವನು ನಾನು, ತಪ್ಪು ನನ್ನದು. ಕನ್ನಡವನ್ನು ಬರೆದಂತೆ ಓದಬಹುದು ಎಂಬ ಭರವಸೆಯನ್ನು ಮಕ್ಕಳಿಗೆ ಮೊದಲ ಪಾಠದಲ್ಲೇ ಕೊಡುವ ನಾವು, ಅವರು ದಿನವೂ ಆಡುವ ಹೆಸರನ್ನೇ ಅವರಿಗೆ ಗುರುತು ಸಿಗದಂತೆ ಬರೆದರೆ ಆ ಭರವಸೆ ಉಳಿಯುವುದಿಲ್ಲ. ಆದ್ದರಿಂದ ಸ್ಯಾನ್ ಡಿಯೇಗೋ ನಗರದ ಈ ತಂಡದ ಹೆಸರನ್ನು ಹೇಗೆ ಉಚ್ಚರಿಸಬೇಕು, ಹೇಗೆ ಬರೆಯಬೇಕು ಎಂಬುದನ್ನು ಈ ಬಾರಿ ಸ್ವಲ್ಪ ವಿಸ್ತಾರವಾಗಿಯೇ ನೋಡೋಣ.

ಊರಿನವರ ಬಾಯಲ್ಲಿ ಹೆಸರಿನ ಮೊದಲ ಭಾಗ ‘ಪಾ’; ‘ಪಾಲು’, ‘ಪಾಠ’ ಎನ್ನುವಾಗ ಬಾಯಿ ತೆರೆಯುವಂತೆಯೇ ಇಲ್ಲಿಯೂ ತೆರೆಯಬೇಕು, ಒತ್ತು ಬೀಳುವುದೂ ಅದರ ಮೇಲೆಯೇ. ಎರಡನೆಯದು ‘ಡ್ರೇ’, ‘ಡ್ರೀ’ ಅಲ್ಲ. ಕೊನೆಯ ವ್ಯಂಜನ ನಮ್ಮ ಸಕಾರಕ್ಕಿಂತ ಗಡುಸಾಗಿ, ಜಕಾರದ ಕಡೆಗೆ ವಾಲುತ್ತದೆ. ಅದನ್ನು ತೋರಿಸಲು ಜ ಅಕ್ಷರದ ಕೆಳಗೆ ಚುಕ್ಕಿ ಇಡುವ ಕ್ರಮವಿದ್ದರೂ, ನಮ್ಮ ಓದುಗರಿಗೆ ಅದು ಅಷ್ಟಾಗಿ ರೂಢಿಯಲ್ಲಿಲ್ಲದ ಕಾರಣ ‘ಸ್’ ಸಾಕು. ನಾವು ಎಡವಿದ್ದು ಇಂಗ್ಲಿಷಿನ ಅಭ್ಯಾಸದಿಂದ. ಅದೇ ಅಕ್ಷರಗಳನ್ನು ಇಂಗ್ಲಿಷಿನ ಪದವೆಂದು ತಿಳಿದರೆ ನಾಲಿಗೆ ತಾನಾಗಿ ‘ಪ್ಯಾ’ ಕಡೆಗೆ ಹೋಗುತ್ತದೆ. ಹೆಸರು ಮಾತ್ರ ಸ್ಪ್ಯಾನಿಷ್ ಭಾಷೆಯದು, ಅಲ್ಲಿ ಒಂದೊಂದು ಸ್ವರಾಕ್ಷರಕ್ಕೂ ನಮ್ಮಲ್ಲಿರುವಂತೆ ಒಂದೊಂದೇ ಸ್ವರ. ಇದೇ ನಗರದ ಲಾ ಹೋಯಾ ಬಡಾವಣೆಯ ಫಲಕವನ್ನು ಹೊಸಬರು ‘ಲಾ ಜೊಲ್ಲಾ’ ಎಂದು ಓದಿಕೊಳ್ಳುವುದಕ್ಕೂ ಕಾರಣ ಇದೇ.

ಹೆಸರಿನ ಅರ್ಥ ‘ತಂದೆಗಳು’, ರೂಢಿಯಲ್ಲಿ ಕ್ರೈಸ್ತ ಗುರುಗಳು. 1769ರ ಜುಲೈ ತಿಂಗಳಲ್ಲಿ ಫ್ರಾನ್ಸಿಸ್ಕನ್ ಸಂಪ್ರದಾಯದ ಹುನಿಪೆರೊ ಸೆರ್ರಾ ಇಲ್ಲಿ ಮಿಷನ್, ಅಂದರೆ ಕ್ರೈಸ್ತ ಧರ್ಮಪ್ರಚಾರದ ನೆಲೆ, ಸ್ಥಾಪಿಸಿದರು. ಇಂದಿನ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಎದ್ದ 21 ಮಿಷನ್‌ಗಳಲ್ಲಿ ಅದೇ ಮೊದಲನೆಯದು. ಈ ನೆಲದ ಮೂಲನಿವಾಸಿಗಳಾದ ಕುಮಿಯಾಯ್ ಜನರಿಗೆ ಆ ಗುರುಗಳ ಆಗಮನ ಹಿತವಾಗಿರಲಿಲ್ಲ, 1775ರಲ್ಲಿ ಅವರು ಬಂಡೆದ್ದು ಮಿಷನ್‌ಗೆ ಬೆಂಕಿಯಿಟ್ಟರು ಎಂಬುದನ್ನೂ ಜೊತೆಗೇ ನೆನೆಯಬೇಕು. 1936ರಲ್ಲಿ ಪೆಸಿಫಿಕ್ ಕೋಸ್ಟ್ ಲೀಗಿನ ತಂಡವೊಂದು ಹಾಲಿವುಡ್‌ನಿಂದ ಈ ಊರಿಗೆ ಬಂದಾಗ ಈ ಹೆಸರನ್ನು ಇಟ್ಟುಕೊಂಡಿತು. 1969ರಲ್ಲಿ ಬೇಸ್‌ಬಾಲಿನ ಅಗ್ರ ಕೂಟವಾದ ಮೇಜರ್ ಲೀಗಿಗೆ ಸೇರಿದ ಹೊಸ ತಂಡವೂ ಅದನ್ನೇ ಮುಂದುವರಿಸಿತು. ಆಟಗಾರರ ಕಂದು ಸಮವಸ್ತ್ರ ಆ ಸಂನ್ಯಾಸಿಗಳ ನಿಲುವಂಗಿಯನ್ನು ನೆನಪಿಸುತ್ತದೆ. ತಂಡದ ಲಾಂಛನಗಳಲ್ಲೊಂದರಲ್ಲಿ ಅಂಥ ಗುರುವೊಬ್ಬರೇ ಬ್ಯಾಟು ಬೀಸುತ್ತಿದ್ದಾರೆ.

ಈ ಲಾಂಛನವನ್ನು ನೋಡಿಯೇ ನಮ್ಮ ಸಮಿತಿಯ ಹಿರಿಯರೊಬ್ಬರು ಆಕ್ಷೇಪ ಎತ್ತಿದರು. ಅವರು ಮಂಗಳೂರಿನವರು. “ನಮ್ಮೂರ ಇಗರ್ಜಿಯ ಪಾದ್ರಿಗಳೇ ಇವರು. ದಕಾರ ಬಿಟ್ಟು ಡಕಾರ ಯಾಕೆ ಹಾಕ್ತೀರಿ?” ಎಂಬುದು ಅವರ ಪ್ರಶ್ನೆ. ಅದರಲ್ಲಿ ಹುರುಳಿದೆ. ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಎರಡರಲ್ಲೂ ಪದ ಒಂದೇ. ಪೋರ್ಚುಗೀಸರ ಮೂಲಕ ಅದು ನಮ್ಮ ಕರಾವಳಿಗೆ ಬಂದು ‘ಪಾದ್ರಿ’ ಆಯಿತು. ಅವರ ‘ಮೆಸ್ತ್ರೆ’ ನಮ್ಮಲ್ಲಿ ‘ಮೇಸ್ತ್ರಿ’ಯಾದಾಗಲೂ ಕೊನೆಯ ಎಕಾರ ಹೀಗೆಯೇ ಇಕಾರವಾಗಿದೆ. ಆ ಹಿರಿಯರು ಬಳಸಿದ ‘ಇಗರ್ಜಿ’ಯೂ ಅದೇ ದಾರಿಯಲ್ಲಿ ಬಂದದ್ದು. ಇನ್ನೂ ಹಿಂದಕ್ಕೆ ಹೋದರೆ ಲ್ಯಾಟಿನ್ನಿನ ‘ಪಾತೆರ್’ ಸಿಗುತ್ತದೆ, ಅದು ಸಂಸ್ಕೃತದ ‘ಪಿತೃ’ವಿನ ದಾಯಾದಿ. ಸ್ಪ್ಯಾನಿಷ್ ವೀಕ್ಷಕ ವಿವರಣೆಯನ್ನು ರೇಡಿಯೋದಲ್ಲಿ ಕೇಳಿದರೆ ‘ಪಾದ್ರೆಸ್’ ಎಂದೇ, ನಾಲಿಗೆ ಹಲ್ಲಿಗೆ ಮೆಲ್ಲಗೆ ತಾಗಿದ ದಕಾರದೊಂದಿಗೇ, ಕಿವಿಗೆ ಬೀಳುತ್ತದೆ. ಇಂಗ್ಲಿಷ್ ಲಿಪಿ ಒಂದೇ ಅಕ್ಷರದಲ್ಲಿ ಮುಚ್ಚಿಡುವ ಈ ವ್ಯತ್ಯಾಸವನ್ನು ಕನ್ನಡ ಲಿಪಿ ಎರಡು ಅಕ್ಷರಗಳಲ್ಲಿ ಬಿಡಿಸಿ ತೋರಿಸುತ್ತದೆ ಎಂಬುದು ನನಗೆ ಹೆಮ್ಮೆಯ ಸಂಗತಿ.

ಹಾಗಿದ್ದೂ ಬಹಳ ಯೋಚಿಸಿ ನಾನು ಡಕಾರವನ್ನೇ ಆರಿಸಿಕೊಂಡಿದ್ದೇನೆ. ಪದದ ಮೂಲ ಎಲ್ಲಿಯದೇ ಇರಲಿ, ತಂಡದ ಹೆಸರು ಅದನ್ನು ಕೂಗಿ ಹುರಿದುಂಬಿಸುವ ಊರಿಗೆ ಸೇರಿದ್ದು. ಆ ಊರಿನಲ್ಲಿ ಸ್ಪ್ಯಾನಿಷ್ ಆಡುವವರು ಬಹಳ ಮಂದಿ ಇದ್ದರೂ, ತಂಡ ತನ್ನನ್ನು ಕರೆದುಕೊಳ್ಳುವುದು, ನಮ್ಮ ಮಕ್ಕಳು ಶಾಲೆಯಲ್ಲಿ ಆಡುವುದು ಇಂಗ್ಲಿಷಿನ ಉಚ್ಚಾರಣೆಯನ್ನು. 1982ರಿಂದ 2001ರವರೆಗೆ ಇಪ್ಪತ್ತು ಋತುಗಳನ್ನೂ ಈ ಒಂದೇ ತಂಡಕ್ಕೆ ಆಡಿ, ಎಂಟು ಬಾರಿ ಲೀಗಿನ ಬ್ಯಾಟಿಂಗ್ ಕಿರೀಟ ಗೆದ್ದ ಟೋನಿ ಗ್ವಿನ್ ಅವರನ್ನು ಜನ ಪ್ರೀತಿಯಿಂದ ಕರೆದದ್ದು ‘ಮಿಸ್ಟರ್ ಪಾಡ್ರೇ’ ಎಂದು. ಅದನ್ನು ‘ಮಿಸ್ಟರ್ ಪಾದ್ರಿ’ ಎಂದು ತಿದ್ದುವ ಅಧಿಕಾರ ನಮಗಿಲ್ಲ. 2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ಊರುಗಳ ಹೆಸರು ಇಂಗ್ಲಿಷಿನಲ್ಲೂ ಅಲ್ಲಿನವರು ಆಡುವಂತೆ ಬದಲಾದಾಗ ಸಂತೋಷಪಟ್ಟ ನಾವು, ಇಲ್ಲಿಯೂ ಅದೇ ಅಳತೆಗೋಲು ಹಿಡಿಯಬೇಕು.

ಈ ಸಂಚಿಕೆಯಿಂದ ‘ಸ್ಯಾನ್ ಡಿಯೇಗೋ ಪಾಡ್ರೇಸ್’ ಎಂದೇ ಅಚ್ಚಾಗುತ್ತದೆ, ಏಕವಚನದಲ್ಲಿ ‘ಪಾಡ್ರೇ’. ಸ್ಪ್ಯಾನಿಷ್ ಮಾತನ್ನೇ ಉದ್ಧರಿಸುವಾಗ ಮಾತ್ರ ‘ಪಾದ್ರೆಸ್’ ಇರಲಿ. ಲೇಖನ ಕಳುಹಿಸುವವರು ಇದನ್ನು ಪಾಲಿಸಬೇಕೆಂದು ಕೋರುತ್ತೇನೆ. ಕಳೆದ ಸಂಚಿಕೆಯ ವರದಿಯನ್ನು ತಿದ್ದಿ, ದೊಡ್ಡ ಅಕ್ಷರಗಳಲ್ಲಿ ಮರುಮುದ್ರಿಸಿ ಕನ್ನಡ ತರಗತಿಗೆ ಕೊಟ್ಟಿದ್ದೇನೆ. ಬರುವ ಭಾನುವಾರ ಆ ಹುಡುಗಿ ಅದನ್ನು ಮತ್ತೆ ಓದಲಿದ್ದಾಳೆ.