ನಾಲ್ಕನೇ ದಿನದ ಬಗ್ಗೆ

ಪುಟ್ಟಿ,

ನೀನು ಕಳಿಸಿದ ಸೈಕಲ್ ಪ್ರವಾಸದ ಪಟ್ಟಿಯನ್ನು ನಿನ್ನೆ ರಾತ್ರಿ ಕೂತು ಪೂರ್ತಿ ಓದಿದೆ. ಎಂಟು ದಿನ, 640 ಕಿಲೋಮೀಟರ್, ದಿನಕ್ಕೆ 80. ನಿನ್ನ ಭಾಗಾಕಾರ ಸರಿಯಾಗೇ ಇದೆ. ಆದರೆ ಹೋಗ್ತಿರೋದು ಬೆಟ್ಟಕ್ಕೆ ಅಲ್ವಾ? ಎಷ್ಟು ದೂರ ಅಂತ ಒಂದು ಸಾಲು ಬರೆದಿದ್ದೀಯ, ಎಷ್ಟು ಎತ್ತರ ಅಂತ ಎಲ್ಲೂ ಬರೆದಿಲ್ಲ.

ಹೆದರಬೇಡ, ಹೋಗಬೇಡ ಅಂತ ಹೇಳೋಕೆ ಬರೆಯುತ್ತಿಲ್ಲ. ಹಾಗೆ ಹೇಳುವ ಹಕ್ಕೂ ನನಗಿಲ್ಲ. ನಿನ್ನ ವಯಸ್ಸಿನಲ್ಲಿ, ಇದೇ ಕಾಲದಲ್ಲಿ, ಚಳಿ ಇನ್ನೂ ಪೂರ್ತಿ ಬಿಡುವ ಮೊದಲೇ ನಾನೂ ಸೈಕಲ್ ಹತ್ತಿದವಳು. ಆ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ನಿನ್ನ ನಾಲ್ಕನೇ ದಿನ ನೋಡೋಣ.

ನಕ್ಷೆಯಲ್ಲಿ ಆ ದಾರಿಯ ಏರನ್ನು ಕೂಡಿಸಿ ನೋಡಿದೆ. 80 ಕಿಲೋಮೀಟರಿನಲ್ಲಿ 1,900 ಮೀಟರ್ ಹತ್ತಬೇಕು. ನೀನು, ಸೈಕಲ್ಲು, ಗಂಟುಮೂಟೆ ಎಲ್ಲ ಸೇರಿ 80 ಕಿಲೋ ಅಂತ ಇಟ್ಟುಕೋ. ದಿನವಿಡೀ ಸುಸ್ತಾಗದೆ ತುಳಿದರೆ ನಿನ್ನಂಥವರ ಕಾಲಿನಿಂದ ಬರುವ ಶಕ್ತಿ 100 ವ್ಯಾಟ್ ಆಸುಪಾಸು. ಆ ಲೆಕ್ಕದಲ್ಲಿ ಗಂಟೆಗೆ ಹೆಚ್ಚೆಂದರೆ 450 ಮೀಟರ್ ಎತ್ತರ ಏರಬಹುದು. ಟೈರು ರಸ್ತೆಗೆ ಉಜ್ಜುವುದು, ಎದುರುಗಾಳಿ, ನಡುವೆ ಉಸಿರು ಬಿಡೋದು ಎಲ್ಲ ಕಳೆದರೆ 400 ಅನ್ನು. ಅಂದರೆ ಹತ್ತೋದಕ್ಕೇ ಐದು ಗಂಟೆ ಹತ್ತಿರ. ಉಳಿದ ದಾರಿಗೆ ಇನ್ನೊಂದು ಮೂರು ಗಂಟೆ. ಊಟ, ನೀರು, ಪಂಕ್ಚರ್ ಬೇರೆ.

ಹಗಲು ಉದ್ದ ಇದೆಯಲ್ಲ ಅಂತೀಯ. ಇಲ್ಲ. ಹಗಲು ರಾತ್ರಿ ಸಮ ಆಗುವ ದಿನ ಬರೋಕೆ ಇನ್ನೂ ಎರಡು ವಾರ ಇರುವಾಗಲೇ ನೀನು ಹೊರಡ್ತಿದ್ದೀಯ. ಹನ್ನೆರಡು ಗಂಟೆ ಬೆಳಕೂ ಸಿಗೋದಿಲ್ಲ. ಸಿಕ್ಕಿದ್ದೂ ಪೂರ್ತಿ ನಿನ್ನದಲ್ಲ. ಹಗಲು ಕರಗಿದ ಹಿಮದ ನೀರು ರಸ್ತೆಗೆ ಅಡ್ಡ ಹರಿದಿರುತ್ತದೆ, ರಾತ್ರಿ ಅದೇ ನೀರು ಗಾಜಿನ ಹಾಗೆ ಹೆಪ್ಪುಗಟ್ಟಿರುತ್ತದೆ. ಬಿಸಿಲು ಬೀಳದ ತಿರುವುಗಳಲ್ಲಿ ಬೆಳಗ್ಗೆ ಒಂಬತ್ತೂವರೆಗೂ ಅದು ಹಾಗೇ ಇರಬಹುದು. ಸಂಜೆ ನಾಲ್ಕೂವರೆ ಆಗುತ್ತಿದ್ದ ಹಾಗೆ ಮತ್ತೆ ಶುರು. ನಿನ್ನ ಕೈಲಿರೋದು ಏಳೇ ಗಂಟೆ. ಎಂಟು ಗಂಟೆಯ ಕೆಲಸ ಅದರಲ್ಲಿ ಹಿಡಿಸೋದಿಲ್ಲ.

ಅದಕ್ಕೆ ನಾಲ್ಕನೇ ದಿನವನ್ನು ಎರಡು ಮಾಡು. ಮೊದಲ ದಿನ ಬೆಟ್ಟದ ಬುಡದವರೆಗೆ ಹೋಗಿ ಮಲಗು. ಮಾರನೇ ದಿನ ನೆತ್ತಿಯನ್ನು ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ ದಾಟುವ ಹಾಗೆ ಹೊರಡು. ಹೀಗೆ ಮಾಡಿದರೆ ಎಂಟು ದಿನದ ಪ್ರವಾಸ ಒಂಬತ್ತಾಗುತ್ತದೆ. ಎಲ್ಲೂ ತುಳಿಯದ ಒಂದು ದಿನವನ್ನೂ ಸೇರಿಸಿ ಹತ್ತು ಮಾಡಿಕೋ. ಮಳೆ ಹಿಡಿದರೆ ಆ ದಿನ ಬೇಕಾಗುತ್ತದೆ. ಹಿಡಿಯದಿದ್ದರೆ ಸುಮ್ನೆ ಎಲ್ಲಾದರೂ ಕೂತು ಬಟ್ಟೆ ಒಗೆದುಕೋ.

ಈಗ ನನ್ನ ಕಥೆ. ನನ್ನ ಎಡ ಮೊಣಕಾಲಿನ ಕೆಳಗೆ ಒಂದು ಕಲೆ ಇದೆಯಲ್ಲ, ಚಿಕ್ಕವಳಿದ್ದಾಗ ನೀನು ಅದೇನು ಅಂತ ಕೇಳಿದ್ದೆ. ಮೆಟ್ಟಿಲಿಂದ ಬಿದ್ದೆ ಅಂತ ನಾನು ಅಂದಿದ್ದೆ. ಸುಳ್ಳು.

ಅವತ್ತು ಬೆಟ್ಟವನ್ನು ಚೆನ್ನಾಗೇ ಹತ್ತಿದ್ದೆ. ಮೇಲೆ ಹೋದಾಗ ಮೈಯೆಲ್ಲ ಬೆವರು, ಒಳಗಿನ ಬನಿಯನ್ ಹಿಂಡಿದರೆ ನೀರು ಬರುವಷ್ಟು ಒದ್ದೆ. ಗೆದ್ದೆ ಅನ್ನುವ ಹಿಗ್ಗಿನಲ್ಲಿ ಅರ್ಧ ಗಂಟೆ ನಿಂತು ಫೋಟೊ ತೆಗೆದೆ. ಆಮೇಲೆ ಹಾಗೇ ಇಳಿಯೋಕೆ ಶುರು ಮಾಡಿದೆ. 14 ಕಿಲೋಮೀಟರ್ ಇಳಿಜಾರು. ಐದು ನಿಮಿಷಕ್ಕೆ ಹಲ್ಲು ಕಟಕಟ ಅಂದವು. ಹತ್ತು ನಿಮಿಷಕ್ಕೆ ಬೆರಳುಗಳೇ ಇಲ್ಲ ಅನ್ನಿಸಿತು. ಬ್ರೇಕ್ ಹಿಡಿದಿದ್ದೇನೋ ಇಲ್ಲವೋ ಅಂತ ಕಣ್ಣಿಂದ ನೋಡಿ ತಿಳಿಯಬೇಕಾಯಿತು. ಬೆರಳು ನೋಡುತ್ತಿದ್ದವಳಿಗೆ ತಿರುವು ಕಾಣಲಿಲ್ಲ. ನೆರಳಿದ್ದ ತಿರುವು, ಗಾಡಿಗಳು ಜಾರದಿರಲಿ ಅಂತ ಚಳಿಗಾಲದಲ್ಲಿ ರಸ್ತೆಗೆ ಚೆಲ್ಲಿದ್ದ ಮರಳು ಅಂಚಿನಲ್ಲಿ ಹಾಗೇ ಬಿದ್ದಿತ್ತು. ಹಿಂದಿನ ಚಕ್ರ ಜಾರಿತು. ನಾನು ಚರಂಡಿಯಲ್ಲಿ, ಸೈಕಲ್ಲು ನನ್ನ ಮೇಲೆ.

ಹತ್ತುವುದಕ್ಕೆ ಮೂರು ತಿಂಗಳು ತಯಾರಿ ಮಾಡಿದ್ದೆ ಪುಟ್ಟಿ. ಇಳಿಯೋದಕ್ಕೆ ಮೂರು ನಿಮಿಷವೂ ಯೋಚನೆ ಮಾಡಿರಲಿಲ್ಲ. ನಿನ್ನ ಪಟ್ಟಿಯಲ್ಲೂ ನಾನು ನೋಡಿದ್ದು ಅದನ್ನೇ. ಇಳಿಜಾರಿನ ದಿನಗಳ ಮುಂದೆಲ್ಲ 'ಆರಾಮ' ಅಂತ ಬರೆದಿದ್ದೀಯ.

ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ಕಡಿಮೆಯಾಗುತ್ತದೆ. ಕೆಳಗೆ 12 ಡಿಗ್ರಿ ಹಿತವಾಗಿದ್ದರೆ ಸಾವಿರ ಮೀಟರ್ ಮೇಲಿನ ನೆತ್ತಿಯಲ್ಲಿ ಐದು, ಆರು. ಆ ಐದು ಡಿಗ್ರಿಯಲ್ಲಿ ಗಂಟೆಗೆ 40 ಕಿಲೋಮೀಟರಿನಂತೆ ಇಳಿದರೆ ಮೈಗೆ ತಟ್ಟುವುದು ಸೊನ್ನೆಗಿಂತ ಕೆಳಗಿನ ಚಳಿ. ಹತ್ತುವಾಗ ಕಾಲು ತುಳಿದು ಮೈ ಬಿಸಿ ಇರುತ್ತದೆ. ಇಳಿಯುವಾಗ ಕಾಲಿಗೆ ಕೆಲಸವೇ ಇಲ್ಲ. ಅದಕ್ಕೇ ನೆತ್ತಿ ತಲುಪಿದ ಕೂಡಲೇ, ಫೋಟೊಗಿಂತ ಮೊದಲು, ಒದ್ದೆ ಬನಿಯನ್ ತೆಗೆದು ಒಣಗಿದ್ದು ಹಾಕಿಕೋ. ಮೇಲೆ ಗಾಳಿ ನುಗ್ಗದ ಜರ್ಕಿನ್, ಬೆರಳು ಪೂರ್ತಿ ಮುಚ್ಚುವ ಗ್ಲೌಸ್. ಗ್ಲೌಸ್ ಎರಡು ಜೊತೆ ಇರಲಿ, ಒಂದು ಒದ್ದೆಯಾಗೇ ಆಗುತ್ತದೆ. ಇವೆಲ್ಲ ಬ್ಯಾಗಿನ ತಳದಲ್ಲಿ ಬೇಡ, ತೆರೆದ ತಕ್ಷಣ ಕೈಗೆ ಸಿಗುವ ಹಾಗಿರಲಿ.

ಮರಗಟ್ಟಿದ ಬೆರಳಿನ ಒಂದು ಕಥೆ ಸೈಕಲ್ ಚರಿತ್ರೆಯಲ್ಲೇ ಇದೆ. ಟುಲಿಯೊ ಕಂಪಾನ್ಯೋಲೊ ಅಂತ ಇಟಲಿಯ ಒಬ್ಬ ರೇಸ್ ಸವಾರ. 1920ರ ದಶಕದಲ್ಲಿ ಒಂದು ಚಳಿ ರೇಸಿನಲ್ಲಿ, ಬೆಟ್ಟದ ಮೇಲೆ, ಹಿಂದಿನ ಚಕ್ರದ ನಟ್ಟು ಬಿಚ್ಚೋಕೆ ಅವನ ಬೆರಳು ಬಗ್ಗಲೇ ಇಲ್ಲವಂತೆ. ಆ ಸಿಟ್ಟಿಗೇ ಮುಂದೆ ಒಂದು ಸಣ್ಣ ಹಿಡಿ ಎತ್ತಿದರೆ ಚಕ್ರ ಬಿಚ್ಚಿಕೊಳ್ಳುವ ಕ್ವಿಕ್ ರಿಲೀಸ್ ಮಾಡಿದ ಅಂತ ಹೇಳುತ್ತಾರೆ. ಕಥೆಗೆ ಎಷ್ಟು ಉಪ್ಪುಕಾರ ಸೇರಿದೆಯೋ, ಬೆರಳಿನ ವಿಷಯ ಮಾತ್ರ ನಾನು ಪೂರ್ತಿ ನಂಬುತ್ತೇನೆ. ಹೊರಡುವ ಮೊದಲು ಒಂದು ಸಲ ಗ್ಲೌಸ್ ಹಾಕಿಕೊಂಡೇ ಟ್ಯೂಬ್ ಬದಲಾಯಿಸಿ ನೋಡು.

ಬ್ರೇಕನ್ನು ಇಳಿಜಾರಿನುದ್ದಕ್ಕೂ ಒತ್ತಿ ಹಿಡಿದುಕೊಂಡೇ ಇರಬೇಡ. ನಿನ್ನದು ರಿಮ್ ಬ್ರೇಕ್, ಚಕ್ರದ ಹೊರಬಳೆಯನ್ನೇ ಒತ್ತಿ ನಿಲ್ಲಿಸುವಂಥದ್ದು. ಉಜ್ಜಿ ಉಜ್ಜಿ ರಿಮ್ ಕಾಯುತ್ತದೆ, ತೀರಾ ಕಾದರೆ ಟ್ಯೂಬ್ ಸಿಡಿಯಲೂಬಹುದು. ತಿರುವಿಗೆ ಮೊದಲು, ನೇರ ದಾರಿಯಲ್ಲೇ ಎರಡೂ ಬ್ರೇಕ್ ಜೋರಾಗಿ ಹಿಡಿದು ವೇಗ ಇಳಿಸು, ಆಮೇಲೆ ಬಿಡು. ಪ್ಯಾಡ್ ಸವೆದಿದ್ದರೆ ಈಗಲೇ ಹೊಸದು ಹಾಕಿಸು.

ಇನ್ನು ಗೇರು. ಚೈನು ಕೂರುವ ಹಲ್ಲುಚಕ್ರಗಳಲ್ಲಿ ಮುಂದೆ ಚಿಕ್ಕದಕ್ಕೆ 34 ಹಲ್ಲು, ಹಿಂದೆ ದೊಡ್ಡದಕ್ಕೆ 28 ಅಂತ ಬರೆದಿದ್ದೀಯ. ರೇಸಿಗೆ ಸರಿ, ಗಂಟುಮೂಟೆ ಹೊತ್ತವರಿಗಲ್ಲ. ನಿಮಿಷಕ್ಕೆ 60 ಸಲ ತುಳಿದರೂ ಗಂಟೆಗೆ ಒಂಬತ್ತು ಕಿಲೋಮೀಟರ್ ಹೋಗಲೇಬೇಕು. ನೂರು ಮೀಟರಿಗೆ ಎಂಟು ಮೀಟರ್ ಏರುವ ಕಡೆ ಅದಕ್ಕೆ 170 ವ್ಯಾಟಿಗಿಂತ ಜಾಸ್ತಿ ಬೇಕು. ಮುಂದೆ 30, ಹಿಂದೆ 36 ಇದ್ದರೆ ಅದೇ ತುಳಿತಕ್ಕೆ ಆರು ಚಿಲ್ಲರೆ ಕಿಲೋಮೀಟರ್, 120 ವ್ಯಾಟ್ ಆಸುಪಾಸು. ಇವೆರಡರ ನಡುವೆ ಇರೋದು ನಿನ್ನ ಮಂಡಿ. ಬದಲಾಯಿಸೋಕೆ ಆಗುತ್ತಾ ಅಂತ ಸೈಕಲ್ ರಿಪೇರಿಯವರನ್ನು ಕೇಳು, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಡಿರೇಲರ್ 36 ಹಲ್ಲು ತಾಳಬೇಕು. ಸಣ್ಣ ಗೇರಿನಲ್ಲಿ ಹತ್ತೋದು ನಾಚಿಕೆ ಅಂತ ನಿನ್ನ ಗೆಳೆಯರು ನಕ್ಕರೆ ನಗಲಿ. ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನವರೇ 1937ರವರೆಗೆ ಡಿರೇಲರ್ ಬಳಸೋಕೆ ಬಿಡದೆ ಸವಾರರನ್ನು ಸತಾಯಿಸಿದರು. ಆಮೇಲೆ ಅವರೂ ಒಪ್ಪಿಕೊಂಡರು.

ಸ್ಲೀಪಿಂಗ್ ಬ್ಯಾಗ್ ಮೇಲೆ ಎರಡು ಉಷ್ಣಾಂಶ ಬರೆದಿರುತ್ತಾರೆ, ಕಂಫರ್ಟ್ ಮತ್ತು ಲಿಮಿಟ್. ಲಿಮಿಟ್ ಲೆಕ್ಕ ಹಾಕೋದು ಸರಾಸರಿ ಗಂಡಸಿಗೆ, ಕಂಫರ್ಟ್ ಸರಾಸರಿ ಹೆಂಗಸಿಗೆ. ನೀನು ಕಂಫರ್ಟ್ ಮಾತ್ರ ನೋಡು. ಮಲಗುವಾಗ ಫೋನನ್ನೂ ಒಳಗೆ ಇಟ್ಟುಕೋ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ.

ಇನ್ನೊಂದು. ನೆತ್ತಿಯ ರಸ್ತೆ ತೆರೆದಿದೆಯೋ ಇಲ್ಲವೋ ಅಂತ ಹೊರಡುವ ವಾರ ಒಂದು ಸಲ, ಹಿಂದಿನ ದಿನ ಇನ್ನೊಂದು ಸಲ ವಿಚಾರಿಸು. ಎತ್ತರದ ದಾರಿಗಳನ್ನು ಚಳಿಗಾಲ ಮುಗಿದರೂ ಎಷ್ಟೋ ವಾರ ಮುಚ್ಚಿಟ್ಟಿರುತ್ತಾರೆ. ನಕ್ಷೆಯಲ್ಲಿ ಗೆರೆ ಇದ್ದೇ ಇರುತ್ತದೆ, ಅದರ ಮೇಲೆ ಹಿಮ ಇದೆಯಾ ಅಂತ ಅದು ಹೇಳಲ್ಲ. ಮುಚ್ಚಿದ್ದರೆ ಕಣಿವೆ ಸುತ್ತಿ ಹೋಗುವ ದಾರಿಯನ್ನು ಈಗಲೇ ಗುರುತು ಹಾಕಿಕೋ. ಅಲ್ಲಿ ನಿಂತು ಹುಡುಕೋಕೆ ಹೋದರೆ ಹಟ ಬರುತ್ತದೆ. ನಿನ್ನ ಹಟ ಎಲ್ಲಿಂದ ಬಂದಿದ್ದು ಅಂತ ನನಗೆ ಗೊತ್ತು.

ಮುಂದಿನ ಶನಿವಾರ, ಭಾನುವಾರ ಎಲ್ಲ ಸಾಮಾನು ಕಟ್ಟಿಕೊಂಡು ಹತ್ತಿರದ ಯಾವುದಾದರೂ ದಿಬ್ಬದ ದಾರಿಯಲ್ಲಿ ಹೋಗಿ, ಒಂದು ರಾತ್ರಿ ಹೊರಗೆ ಮಲಗಿ ಬಾ. ಬಂದ ಮೇಲೆ ಬ್ಯಾಗ್ ಬಿಚ್ಚಿ, ಮುಟ್ಟದೇ ಇದ್ದದ್ದನ್ನೆಲ್ಲ ಒಂದು ಕಡೆ ರಾಶಿ ಹಾಕು. ಪಂಪು, ಔಷಧಿ, ಮಳೆಯ ಬಟ್ಟೆ ಬಿಟ್ಟು ಉಳಿದದ್ದು ಮನೆಯಲ್ಲೇ ಇರಲಿ.

ಹೊಸ ಪಟ್ಟಿ ಮಾಡಿ ಕಳಿಸು. ಕಿಲೋಮೀಟರ್ ಪಕ್ಕದಲ್ಲಿ ಹತ್ತೋ ಮೀಟರ್, ಅದರ ಪಕ್ಕದಲ್ಲಿ ನೆತ್ತಿ ದಾಟುವ ಗಂಟೆ. 'ಆರಾಮ' ಅಂತ ಬರೆದ ಕಡೆಯೆಲ್ಲ ಅದನ್ನು ಹೊಡೆದುಹಾಕಿ 'ಗ್ಲೌಸ್' ಅಂತ ಬರಿ.

ಅಮ್ಮ